ಅಣ್ಣನ ಬಿಲ್ಲೆ ಹಚ್ಚಿಕೊಳ್ಳದ ದಿನ

ಅಣ್ಣ ತೀರಿಕೊಂಡಾಗ ನನಗೆ ಹದಿನೆಂಟು ನಡೆಯುತ್ತಿತ್ತು, ಅವನಿಗೆ ಇಪ್ಪತ್ಮೂರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವಿಬ್ಬರೂ ಸಿಂಧನೂರಿನ ಒಂದು ಫುಟ್‌ಬಾಲ್ ತಂಡದಲ್ಲಿದ್ದೆವು. ಅವನು ಆಟಗಾರ, ನಾನು ಆಟಗಾರನ ತಮ್ಮ. ತಂಡದಲ್ಲಿ ನನ್ನ ಹೆಸರು ಹಿಡಿದು ಕರೆದವರು ಕಡಿಮೆ.

ನಮ್ಮೂರು ಸಂತೆಕಲ್ಲೂರು. ಅಪ್ಪ ಕುರಿ ಸಾಕಿದ್ದ. ವರ್ಷದಲ್ಲಿ ಏಳೆಂಟು ತಿಂಗಳು ಹಿಂಡಿನ ಹಿಂದೆ ಊರೂರು ತಿರುಗುತ್ತಿದ್ದ. ಅವನು ಮನೆಗೆ ಬಂದರೆ ನಮಗೆ ನೆಂಟರು ಬಂದಂತೆ ಆಗುತ್ತಿತ್ತು. ಅಣ್ಣನನ್ನು ಲಿಂಗಸುಗೂರಿನ ಹಾಸ್ಟೆಲಿಗೆ ಸೇರಿಸಿದ್ದು ಅವ್ವನ ಹಟ. ಅಲ್ಲಿಯ ಹೈಸ್ಕೂಲಿಗೆ ಬೆಳಗಾವಿ ಕಡೆಯ ಡ್ರಿಲ್ ಮಾಸ್ತರರೊಬ್ಬರು ವರ್ಗವಾಗಿ ಬಂದಿದ್ದರು. ಕಬಡ್ಡಿ, ವಾಲಿಬಾಲ್ ಬಿಟ್ಟು ಬೇರೆ ಆಟ ಅಷ್ಟಾಗಿ ಗೊತ್ತಿಲ್ಲದ ಹುಡುಗರಿಗೆ ಅವರು ಫುಟ್‌ಬಾಲಿನ ರುಚಿ ಹಚ್ಚಿದರು. ಶಾಲೆಯ ಹಿಂದಿನ ಎರೆಮಣ್ಣಿನ ಬಯಲು ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತಿತ್ತು, ಮಳೆಯಾದರೆ ಬೂಟಿಗೆ ಮಣ್ಣು ಮೆತ್ತಿಕೊಂಡು ಕಾಲು ಎತ್ತಲಾಗುತ್ತಿರಲಿಲ್ಲ. ಅಂಥ ನೆಲದಲ್ಲಿ ಅಣ್ಣ ಓಡುವುದು ಕಲಿತ. ಸಿಂಧನೂರಿನ ಗೊಬ್ಬರದ ಅಂಗಡಿಯಲ್ಲಿ ಕೆಲಸ ಸಿಕ್ಕಾಗ, ಆ ಅಂಗಡಿಯ ಸಾಹುಕಾರರೇ ತಂಡದ ಕಾರ್ಯದರ್ಶಿಯೂ ಆಗಿದ್ದರಿಂದ, ಅವನ ಆಟವೂ ಅಲ್ಲಿಗೇ ಹೋಯಿತು. ಎಡಗಡೆಯ ಅಂಚು ಅವನ ಜಾಗ. ಚೆಂಡು ಅವನ ಕಾಲಿಗೆ ಬಂತೆಂದರೆ ಬಯಲಿನ ಸುತ್ತ ನಿಂತವರು ಮಾತು ನಿಲ್ಲಿಸುತ್ತಿದ್ದರು. ಪಿಯುಸಿಗೆಂದು ಸಿಂಧನೂರಿಗೆ ಬಂದ ನಾನು ಅವನ ಖೋಲಿಯಲ್ಲೇ ಉಳಿದುಕೊಂಡೆ, ಅವನ ತಂಡದಲ್ಲೇ ಹೆಚ್ಚುವರಿ ಹುಡುಗನಾದೆ.

ಅಪ್ಪ ಅವನ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಚಡ್ಡಿ ಹಾಕಿಕೊಂಡು ಓಡುವ ಗಂಡಸರ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ.

ಆ ವರ್ಷದ ಮಳೆಗಾಲದ ಹೊತ್ತಿಗೆ ಅಣ್ಣ ಓಟ ಕಳೆದುಕೊಂಡ. ಹತ್ತು ಹೆಜ್ಜೆ ಓಡಿದರೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದ. ಊಟ ಸೇರುತ್ತಿರಲಿಲ್ಲ. ತಂಡದವರು ಮೈಗಳ್ಳತನ ಎಂದರು, ಸೊಕ್ಕು ಎಂದರು. ಲಿಂಗಸುಗೂರಿನಲ್ಲಿ ಫೈನಲ್ ಪಂದ್ಯ ಇದ್ದ ದಿನ ನಮ್ಮ ಕ್ಯಾಪ್ಟನ್ ಅವನನ್ನು ಹೊರಗೆ ಕೂರಿಸಿ, ಆ ಜಾಗಕ್ಕೆ ನನ್ನನ್ನು ಇಳಿಸಿದ. ನಾನು ಒಂದು ಗೋಲು ಹೊಡೆದೆ. ನಾವು ಗೆದ್ದೆವು. ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತು ಒಂದು ಸುತ್ತು ಹಾಕಿದರು. ಅಷ್ಟು ಎತ್ತರದಿಂದ ನನಗೆ ಅಣ್ಣ ಕಂಡ. ನೀರಿನ ಕೊಡದ ಪಕ್ಕ ಮೊಣಕಾಲು ಅಪ್ಪಿಕೊಂಡು ಕೂತಿದ್ದ.

ವಾಪಸು ಬರುವಾಗ ಮಸ್ಕಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಉಳಿದವರು ಚಹಾ ಕುಡಿಯಲು ಹೋದರು. ನಾವಿಬ್ಬರೇ ನಿಂತಿದ್ದೆವು.

"ಕಡೀ ಹತ್ತು ನಿಮಿಷಾರ ನನ್ನ ಇಳಿಸಬೇಕಿತ್ತು," ಅಂದ ಅಣ್ಣ.

ನನಗೆ ಗೆದ್ದ ಅಮಲು ಇಳಿದಿರಲಿಲ್ಲ. "ಇಳಿಸಿ ಏನ್ ಮಾಡೋದೈತಿ? ನಿನಗ ಓಡಾಕ ಆಗವಲ್ದು. ಮಂದಿ ನಗಾಕತ್ತಾರ. ನಿನ್ನ ಸಲುವಾಗಿ ನಾ ತಲಿ ತಗ್ಗಸಬೇಕೇನು? ಸುಮ್ನ ಮನ್ಯಾಗ ಕೂಡು ಇನ್ನ," ಅಂದೆ.

"ಹೌದೇನು," ಅಂದ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತ.

ಆಮೇಲೆ ಒಂದೇ ಖೋಲಿಯಲ್ಲಿ ಇದ್ದರೂ ನಾವು ಮಾತಾಡಿದ್ದು ಕಮ್ಮಿ. ಹದಿನೈದು ದಿನಕ್ಕೆ ಅವನ ಕಣ್ಣು ಹಳದಿಯಾದವು. ಅಂಗಡಿಯ ಸಾಹುಕಾರರೇ ನೋಡಿ ಊರಿಗೆ ಕಳಿಸಿದರು. ಗುರುಗುಂಟಾದಲ್ಲಿ ಕಾಮಾಲೆಗೆ ಎಲೆಯ ರಸ ಕೊಡುವವರೊಬ್ಬರಿದ್ದರು, ಅವ್ವ ಮೂರು ಸಲ ಕರೆದುಕೊಂಡು ಹೋದಳು. ಜೋಳದ ಗಂಜಿ, ಮಜ್ಜಿಗೆ ಬಿಟ್ಟು ಏನೂ ಕೊಡಲಿಲ್ಲ. ರಾಯಚೂರಿನ ದವಾಖಾನೆಗೆ ಒಯ್ಯುವ ಹೊತ್ತಿಗೆ ತಡವಾಗಿತ್ತು. ನಾನು ಪರೀಕ್ಷೆಯ ನೆಪ ಹೇಳಿ ಸಿಂಧನೂರಿನಲ್ಲೇ ಉಳಿದಿದ್ದೆ. ಶನಿವಾರ ಹೋದರಾಯಿತು, ಮಾತಾಡಿದರಾಯಿತು ಅಂದುಕೊಂಡಿದ್ದೆ. ಗುರುವಾರವೇ ಸುದ್ದಿ ಬಂತು.

ಚಳಿಗಾಲದಲ್ಲಿ ತಂಡದವರು ಅಣ್ಣನ ನೆನಪಿಗೆ ಒಂದು ಪಂದ್ಯಾವಳಿ ಇಟ್ಟರು. ಕಾರ್ಯದರ್ಶಿ ಸಾಹುಕಾರರು ಮುಂದೆ ನಿಂತು ಎಲ್ಲಾ ಮಾಡಿದರು. ಅವರು ಕೆಟ್ಟವರಲ್ಲ. ಅಣ್ಣನ ಮಣ್ಣಿಗೆ ಬಂದು ಮಗುವಿನ ಹಾಗೆ ಅತ್ತಿದ್ದರು. ಪ್ರೆಸ್ಸಿನಲ್ಲಿ ಹೇಳಿ ಬಿಲ್ಲೆ ಮಾಡಿಸಿದ್ದರು. ಅಂಗೈಗಿಂತ ಸ್ವಲ್ಪ ಸಣ್ಣದಾದ ದುಂಡನೆಯ ರಟ್ಟು, ಅದರ ಮೇಲೆ ಅಣ್ಣನ ಫೋಟೊ, ಕೆಳಗೆ ಕರಿ ರಿಬ್ಬನ್ನಿನ ಎರಡು ಬಾಲ. ಫೋಟೊ ಅಂಗಡಿ ಸೇರುವ ಮೊದಲು ಕಾಲೇಜಿನ ಅರ್ಜಿಗೆಂದು ತೆಗೆಸಿದ್ದು. ತಲೆಗೆ ಎಣ್ಣೆ ಹಚ್ಚಿ, ಗುಂಡಿ ಕೊರಳ ತನಕ ಹಾಕಿ, ಹೆದರಿದವನ ಹಾಗೆ ನೋಡುತ್ತಿದ್ದ. ಬಯಲಿನ ಬಾಗಿಲಲ್ಲಿ ಇಬ್ಬರು ಹುಡುಗರು ಬಂದವರಿಗೆಲ್ಲ ಅದನ್ನು ಪಿನ್ನಿನಿಂದ ಚುಚ್ಚಿ ಕಳಿಸುತ್ತಿದ್ದರು. ಆಟಗಾರರು ಜರ್ಸಿಯ ಎಡಗಡೆ ಹಚ್ಚಿಕೊಂಡು ಆಡಬೇಕು ಎಂದು ಮೊದಲೇ ಗೊತ್ತು ಮಾಡಿದ್ದರು.

ನನ್ನ ಬಿಲ್ಲೆಯನ್ನು ಸಾಹುಕಾರರೇ ತಂದರು. ನನ್ನ ಎದೆಗೆ ತಾವೇ ಹಚ್ಚಬೇಕೆಂದು ಅವರ ಆಸೆ. ಪಿನ್ನು ತೆರೆದು ಹತ್ತಿರ ಬಂದಾಗ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ನಾ ಒಲ್ಲೆರಿ."

"ಯಾಕೋ?"

"ಒಲ್ಲೆರಿ ಅಷ್ಟ."

"ಹುಚ್ಚ ಏನೋ ನೀ? ನಿಮ್ಮಣ್ಣ ಅಲ್ಲೇನು ಇವ? ಊರ ಮಂದಿ ಹಚ್ಕೊಂಡಾರ. ಖಾಸ್ ತಮ್ಮ ನೀನ ಹಚ್ಕೊಳ್ಳಿಲ್ಲಂದ್ರ ನೋಡಿದವ್ರು ಏನಂದಾರು?"

ಆ ಬಿಲ್ಲೆ ಹಚ್ಚಿಕೊಂಡರೆ ನಾನು ಒಳ್ಳೆಯ ತಮ್ಮ ಎಂದು ಇಡೀ ಬಯಲಿಗೆ ಸಾರಿ ಹೇಳಿದಂತೆ. ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ನಾನು ಏನು ಅಂದಿದ್ದೆ ಎಂಬುದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅದು ಒಂದು ಕಾರಣ. ಇನ್ನೊಂದು, ಅವನನ್ನು ನೀರಿನ ಕೊಡದ ಪಕ್ಕ ಕೂರಿಸಿದವರೂ ಮೈಗಳ್ಳ ಎಂದವರೂ ಈಗ ಅವನ ಮುಖವನ್ನು ಎದೆಯ ಮೇಲೆ ಇಟ್ಟುಕೊಂಡು ಕಾಲು ಬಿಸಿ ಮಾಡಿಕೊಳ್ಳುತ್ತಿದ್ದರು. ಅವರ ಸಾಲಿನಲ್ಲಿ ನಾನೂ ಒಬ್ಬನಾಗಿ ನಿಲ್ಲಬೇಕಿತ್ತು. ಅದು ನನ್ನಿಂದ ಆಗಲಿಲ್ಲ. ಆದರೆ ಇದನ್ನೆಲ್ಲ ಇವತ್ತು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಅವತ್ತು ಒಲ್ಲೆ ಅನ್ನುವ ಒಂದೇ ಮಾತು ಇತ್ತು.

ಕ್ಯಾಪ್ಟನ್ ಬಂದ. "ಹಚ್ಕೊಳ್ಳಿಲ್ಲಂದ್ರ ಇಂವಾ ಆಡಾಂಗಿಲ್ರಿ," ಅಂದ ಸಾಹುಕಾರರಿಗೆ, ನನ್ನ ಮುಖ ನೋಡದೆ.

ಅವತ್ತಿನ ರೆಫರಿ ಲಿಂಗಸುಗೂರಿನ ಆ ಡ್ರಿಲ್ ಮಾಸ್ತರರು. ಅಣ್ಣನಿಗೆ ಆಟ ಕಲಿಸಿದವರು. ಗದ್ದಲ ಕೇಳಿ ಬಂದು ಏನು ಎಂದು ಕೇಳಿದರು. ಸಾಹುಕಾರರು ಹೇಳಿದರು. ಮಾಸ್ತರರು ನನ್ನ ಅಂಗಿ, ಚಡ್ಡಿ, ಬೂಟು ನೋಡಿದರು, ಬೂಟಿನ ಮೊಳೆ ಮುಟ್ಟಿ ನೋಡಿದರು.

"ಹುಡುಗ ಆಡೂಕ ಬರೋಬ್ಬರಿ ಅದಾನ. ನಿಯಮದಾಗ ಇಷ್ಟ ಇರೂದು. ಬಿಲ್ಲೇದು ಅವನ ಮನಸ್ಸಿಗೆ ಬಿಟ್ಟದ್ದು," ಅಂದರು. ನನ್ನ ಹೆಗಲ ಮೇಲೆ ಕೈ ಇಡಲಿಲ್ಲ, ಏನನ್ನೂ ಕೇಳಲಿಲ್ಲ. ಸೀಟಿ ಬಾಯಲ್ಲಿಟ್ಟುಕೊಂಡು ನಡುಗೆರೆಯ ಕಡೆ ನಡೆದರು.

ಒಂದು ನಿಮಿಷ ಮೌನಕ್ಕೆ ಎಲ್ಲರೂ ಸಾಲಾಗಿ ನಿಂತೆವು. ಮೈಕಿನಲ್ಲಿ, "ಅವನ ತಮ್ಮನೂ ಇದೇ ತಂಡದಾಗ ಆಡಾಕತ್ತಾನ," ಎಂದು ಹೇಳಿಬಿಟ್ಟರು. ಜನ ಹುಡುಕಿದರು. ಹುಡುಕುವುದು ಕಷ್ಟವಿರಲಿಲ್ಲ. ಹತ್ತು ಎದೆಗಳ ಮೇಲೆ ಅಣ್ಣ ಇದ್ದ, ಒಂದು ಎದೆ ಖಾಲಿ ಇತ್ತು.

ಆಟ ಸುರುವಾಯಿತು. ನಾನು ಎಡಗಡೆಯ ಅಂಚಿಗೆ ಹೋಗಿ ನಿಂತೆ. ಐದು ನಿಮಿಷ ಚೆಂಡು ನನ್ನ ಕಡೆ ಬರಲಿಲ್ಲ. ಹೀಗಾಗುವುದುಂಟು. ಹತ್ತು ನಿಮಿಷ ಆಯಿತು. ಕೈ ಎತ್ತಿದೆ, ಕೂಗಿದೆ. ಎದುರಿಗೆ ಯಾರೂ ಇಲ್ಲದೆ ನಾನು ಖಾಲಿ ನಿಂತಿದ್ದಾಗಲೂ ಅವರು ಬಲಕ್ಕೇ ತಿರುಗಿಸಿದರು, ಹಿಂದಕ್ಕೆ ಕೊಟ್ಟರು, ಬೇಕಾದರೆ ಎದುರಾಳಿಗೂ ಬಿಟ್ಟುಕೊಟ್ಟರು. ಹಾಫ್ ಟೈಮಿನಲ್ಲಿ ನಿಂಬೆಹಣ್ಣಿನ ಹೋಳು ಹಂಚಿದ ಹುಡುಗ ನನ್ನನ್ನು ದಾಟಿ ಹೋದ. ಎರಡನೇ ಅರ್ಧದಲ್ಲಿ ನಾನು ಕೂಗುವುದು ಬಿಟ್ಟೆ. ಅವರು ಓಡಿದಾಗ ಅವರ ಜೊತೆಗೇ ಗೆರೆಯ ಗುಂಟ ಓಡಿದೆ, ನಿಂತಾಗ ನಿಂತೆ. ಬಯಲಿನ ತುಂಬ ಜನ, ಹನ್ನೊಂದು ಮಂದಿಯ ತಂಡ. ಅಷ್ಟು ಒಂಟಿಯಾಗಿ ನಾನು ಕುರಿಯ ಹಿಂದೆ ಅಡವಿಗೆ ಹೋದಾಗಲೂ ಇರಲಿಲ್ಲ. ಒಂದೇ ಒಂದು ಸಲ ಎದುರಾಳಿಯ ಕಾಲಿಗೆ ತಾಗಿ ಚೆಂಡು ತಾನಾಗಿಯೇ ನನ್ನ ಕಡೆ ಉರುಳಿ ಬಂತು. ಅದನ್ನು ಹೊರಗೆ ಒದ್ದೆ. ಯಾಕೆ ಒದ್ದೆನೋ ಗೊತ್ತಿಲ್ಲ.

ಆಟ ಮುಗಿದು ಬೂಟು ಬಿಚ್ಚುತ್ತಿದ್ದಾಗ ಅಪ್ಪ ಕಂಡ. ಅವನು ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ. ಹೆಗಲ ಮೇಲೆ ಕಂಬಳಿ, ಕಂಬಳಿಯ ಮೇಲೆ ಬಿಲ್ಲೆ. ಕಪ್ಪು ಉಣ್ಣೆಯ ಮೇಲೆ ಅಣ್ಣನ ಮುಖ ಬೇರೆ ಯಾರ ಎದೆಯ ಮೇಲೆ ಕಂಡದ್ದಕ್ಕಿಂತಲೂ ಬೆಳ್ಳಗೆ ಕಾಣುತ್ತಿತ್ತು. ನನಗೆ ಸಿಟ್ಟು ಬಂತು. ಮಗ ಇದ್ದಾಗ ಬರಲಿಲ್ಲ, ಈಗ ಬಂದಾನ ಅಂದುಕೊಂಡೆ.

ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದೆವು. ಅಪ್ಪ ಮಂಡಾಳು ಒಗ್ಗರಣೆ, ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ನಡುವೆ ಇಟ್ಟ. ಬಹಳ ಹೊತ್ತು ಇಬ್ಬರೂ ಕೈ ಹಾಕಲಿಲ್ಲ.

"ಅವ ಎಲ್ಲಿ ನಿಂದರತಿದ್ದ?" ಎಂದು ಕೇಳಿದ.

"ನಾ ನಿಂತಿದ್ನೆಲ್ಲ, ಅದ ಜಾಗಾದಾಗ."

"ಅಲ್ಲಿಗೆ ಚೆಂಡ ಬರಾಂಗಿಲ್ಲಲ್ಲೋ."

"ಅವ ಇದ್ದಾಗ ಬರತಿತ್ತು," ಅಂದೆ. ಅಷ್ಟು ಹೇಳುವುದರಲ್ಲಿ ಅಳು ಬಂತು. ಅಣ್ಣ ಹೋದ ಮೇಲೆ ಅವತ್ತೇ ನಾನು ಮೊದಲು ಅತ್ತದ್ದು. ಅಳುತ್ತಲೇ ಎಲ್ಲಾ ಹೇಳಿದೆ. ಹೊರಗೆ ಕೂರಿಸಿದ್ದು, ನಾನು ಗೋಲು ಹೊಡೆದದ್ದು, ಮಸ್ಕಿಯಲ್ಲಿ ಅಂದ ಮಾತು, ಶನಿವಾರ ಹೋದರಾಯಿತು ಅಂದುಕೊಂಡದ್ದು. ಅದಕ್ಕ ಹಚ್ಕೊಳ್ಳಿಲ್ಲ ಅಂದೆ.

ಅಪ್ಪ ಸಮಾಧಾನ ಮಾಡಲಿಲ್ಲ. "ಅಂಥಾ ಮಾತು ಆಡಬಾರದಿತ್ತು," ಅಂದ. ಬಿಲ್ಲೆ ಮುಟ್ಟಿ ನೋಡಿಕೊಂಡು, "ನಾ ಇದನ್ನ ಬೇಕಂತ ಹಚ್ಕೊಂಡಾವಲ್ಲ. ಬಾಗಲದಾಗ ಯಾರೋ ಹುಡುಗ ಚುಚ್ಚಿದ. ಆಮ್ಯಾಲ ನೋಡಿಕೊಂಡ್ರ ನನ್ನ ಮಗನ ಮಾರಿ. ತಗೀಯಾಕ ಕೈ ಬರಲಿಲ್ಲ. ನಿನಗ ಹಚ್ಕೊಳ್ಳಾಕ ಬರಲಿಲ್ಲ. ಆತು ಬಿಡು," ಅಂದ.

ಬಸ್ಸು ಬಂತು. ಅಪ್ಪ ಹತ್ತಿದ. ನಾನು ಖೋಲಿಗೆ ಹೋದೆ.

ಆಮೇಲೆ ನನ್ನನ್ನು ಯಾರೂ ತಂಡದಿಂದ ತೆಗೆಯಲಿಲ್ಲ. ಅಭ್ಯಾಸ ಯಾವಾಗ ಎಂದು ಹೇಳುವುದನ್ನು ಮಾತ್ರ ಬಿಟ್ಟರು. ಆರು ತಿಂಗಳ ಕಾಲ ಸಂಜೆ ನಾನು ಆ ಬಯಲಿನ ದಾರಿ ಬಿಟ್ಟು ಸುತ್ತು ಹಾಕಿ ಖೋಲಿಗೆ ಹೋಗುತ್ತಿದ್ದೆ. ತಮ್ಮ ಎಂದು ಕರೆಯುತ್ತಿದ್ದವರು ಎದುರು ಬಂದರೆ ಅಂಗಡಿಯ ಬೋರ್ಡು ಓದುವವರಂತೆ ಮುಖ ತಿರುಗಿಸುತ್ತಿದ್ದರು. ಟಿಸಿಎಚ್ ತರಬೇತಿ ಮುಗಿಸಿ ತೊಂಬತ್ತರ ದಶಕದ ಮೊದಲಲ್ಲಿ ಮುದಗಲ್ಲಿನ ಪ್ರಾಥಮಿಕ ಶಾಲೆಗೆ ಮಾಸ್ತರನಾಗಿ ಹೋದೆ. ಅಲ್ಲಿ ಪರಿಚಯದವರು ಇರಲಿಲ್ಲ. ರವಿವಾರ ಒಂದು ಚೆಂಡು ತೆಗೆದುಕೊಂಡು ಕೋಟೆಯ ಹೊರಗೋಡೆಯ ಹತ್ತಿರ ಹೋಗುತ್ತಿದ್ದೆ. ಒದ್ದರೆ ಗೋಡೆ ವಾಪಸು ಕೊಡುತ್ತಿತ್ತು. ಕಲ್ಲು ಓರೆಯಾಗಿದ್ದ ಕಡೆ ಚೆಂಡು ಎಲ್ಲೆಲ್ಲೋ ಹಾರುತ್ತಿತ್ತು, ಜಾಲಿಯ ಮುಳ್ಳಿನಲ್ಲಿ ಹೊಕ್ಕು ತರಬೇಕಾಗುತ್ತಿತ್ತು. ಎಷ್ಟೋ ರವಿವಾರ ನಾನು ದಿನವಿಡೀ ಆಡಿದ ಮಾತು ಹೋಟೆಲಿನಲ್ಲಿ ಊಟ ಕೇಳಿದ್ದು ಮಾತ್ರ.

ಅಣ್ಣನ ಪಂದ್ಯಾವಳಿ ಮೂರು ವರ್ಷ ನಡೆದು ನಿಂತಿತು ಎಂದು ಕೇಳಿದೆ. ಸಾಹುಕಾರರು ತೀರಿಕೊಂಡರು, ಆಟದ ಬಯಲಿನಲ್ಲಿ ಮನೆಗಳು ಎದ್ದವು.

ಆ ಬಿಲ್ಲೆಯ ದಿನ ಕಳೆದು ಸುಮಾರು ಒಂಬತ್ತು ವರ್ಷದ ಮೇಲೆ ಒಂದು ಮಧ್ಯಾಹ್ನ ಊರಿನಿಂದ ಮುದಗಲ್ಲಿಗೆ ಹೊರಟವನು ಮಸ್ಕಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹೊಟ್ಟೆ ಬಂದ ಗಂಡಸೊಬ್ಬ ಎರಡು ಸಲ ಆಚೆಯಿಂದ ಈಚೆಗೆ ಹೋಗಿ ನನ್ನ ಮುಂದೆ ನಿಂತ. ಅಂದಿನ ಕ್ಯಾಪ್ಟನ್. ಮಸ್ಕಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದನಂತೆ. ಚಹಾ ಕುಡಿಸಿದ. ಅವನೂ ನಾನೂ ಬಹಳ ಹೊತ್ತು ಮಳೆ, ಬೆಳೆ, ಮಕ್ಕಳು ಎಂದೆವು. ಆಮೇಲೆ ಅವನು ಲೋಟದೊಳಗೆ ನೋಡುತ್ತ ಅಂದ:

"ಆವತ್ತು ನಿನಗ ಬಾಲ್ ಕೊಡಬ್ಯಾಡ್ರಿ ಅಂತ ನಾನ ಹೇಳಿದ್ದೆ."

"ಗೊತ್ತೈತಿ."

"ಸಿಟ್ಟೈತೇನು ಇನ್ನೂ?"

"ಸಿಟ್ಟಿಲ್ಲ," ಅಂದೆ. ಅದು ಖರೆ. ಆದರೆ ಅವನಿಗೆ ಬೇಕಾದ ಇನ್ನೊಂದು ಮಾತು, ಮಾಫ್ ಮಾಡೇನಿ ಅನ್ನುವುದು, ನನ್ನ ಬಾಯಿಂದ ಹೊರಡಲಿಲ್ಲ.

"ಖರೇ ಹೇಳು, ಯಾಕ ಹಚ್ಕೊಳ್ಳಿಲ್ಲ ನೀ?"

ಹೇಳಿದೆ. ಅಪ್ಪನಿಗೆ ಬಿಟ್ಟರೆ ಇವನೊಬ್ಬನಿಗೆ ಹೇಳಿದ್ದು. ಕೇಳುತ್ತ ಅವನ ಚಹಾ ಆರಿತು. "ಕಣ್ಣ ಹಳದಿ ಆಗೂತನಕ ನಮಗ್ಯಾರಿಗೂ ತಿಳೀಲಿಲ್ಲ ನೋಡು," ಅಂದ.

ಅಷ್ಟರಲ್ಲಿ ಬಸ್ಸು ತುಂಬಿ ಬಂತು. ನಾನು ಚೀಲ ಎತ್ತಿಕೊಳ್ಳುವುದರಲ್ಲಿ ಅವನು ಆ ಮೈ ಹೊತ್ತುಕೊಂಡು ಮುಂದೆ ಓಡಿ, ಇನ್ನೂ ನಿಲ್ಲದ ಬಸ್ಸಿನ ಕಿಟಕಿಯೊಳಗೆ ಹೆಗಲ ಮೇಲಿನ ಟವೆಲ್ ಎಸೆದು ಸೀಟು ಹಿಡಿದ. ನಾನು ಹತ್ತಿ ಆ ಜಾಗದಲ್ಲಿ ಕೂತೆ. ಟವೆಲ್ ಮಡಚಿ ಕಿಟಕಿಯಿಂದ ಅವನ ಕೈಗೆ ಕೊಟ್ಟೆ. ಬಸ್ಸು ಲಿಂಗಸುಗೂರಿನ ರಸ್ತೆಗೆ ಹೊರಳುವ ತನಕ ಅವನು ಅಲ್ಲೇ ನಿಂತಿದ್ದ.