ಹಂದಿ ಮೇವಿನ ಹಳದಿ ಪುಡಿ

ನನ್ನ ಭಾವನನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರೆಯುವುದರಲ್ಲಿ ಅವರ ಬಗ್ಗೆ ಒಳ್ಳೆಯ ಮಾತು ಕಡಿಮೆ. ಅವರಿಗೂ ನಾನೆಂದರೆ ಅಷ್ಟಕ್ಕಷ್ಟೇ. ಆದರೂ ಚಾಮರಾಜಪೇಟೆಯ ಒಂದೇ ಕಟ್ಟಡದಲ್ಲಿ, ಅವರು ಕೆಳಗೆ ನಾವು ಮೇಲೆ, ಇಷ್ಟು ವರ್ಷ ಸಂಸಾರ ಮಾಡಿದ್ದೇವೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಅವರದು ಮಾಗಡಿ ಕಡೆಯ ಒಕ್ಕಲು ಮನೆತನ. ನನ್ನ ಮಾವ ಪೇಟೆಗೆ ಬಂದು ಇದೇ ಕಟ್ಟಡದ ರಸ್ತೆ ಬದಿಯ ಮಳಿಗೆಯಲ್ಲಿ ಬೂಸಾ, ಹಿಂಡಿ ಮಾರುತ್ತಿದ್ದರಂತೆ. ಆಗ ಸುತ್ತಮುತ್ತಲ ಮನೆಗಳಲ್ಲಿ ಹಸು ಕಟ್ಟುತ್ತಿದ್ದರು. ಹಸುಗಳು ಹೋದವು, ಮಾವನೂ ಹೋದರು. ಭಾವ ಮಾತ್ರ ಮಳಿಗೆ ಮುಚ್ಚಲಿಲ್ಲ. ಊರಿನ ಜಮೀನಿನಲ್ಲಿ ಹಂದಿ ಫಾರಂ ಹಾಕಿ, ಅದಕ್ಕೆ ಬೇಕಾದ ಮೇವನ್ನು ಇಲ್ಲೇ ಕಲಸತೊಡಗಿದರು. ಕ್ರಮೇಣ ಆ ಕಡೆಯ ಬೇರೆ ಫಾರಂಗಳಿಗೂ ನಮ್ಮ ಮಳಿಗೆಯಿಂದಲೇ ಮೂಟೆ ಹೋಗತೊಡಗಿತು.

ನಾನು ಹುಟ್ಟಿ ಬೆಳೆದದ್ದು ಬಸವನಗುಡಿ ಪಕ್ಕದ ಗವಿಪುರದಲ್ಲಿ. ಅಪ್ಪ ಮೇಷ್ಟ್ರು. ಹಬ್ಬದ ದಿನ ಈರುಳ್ಳಿಯನ್ನೂ ಅಡುಗೆಮನೆಗೆ ತರದ ಮನೆ ನಮ್ಮದು. ಅಲ್ಲಿಂದ ಪ್ರೀತಿಸಿ ಈ ಮನೆಗೆ ಬಂದೆ. ನಾನು ಮಾಂಸ ತಿನ್ನಲಿಲ್ಲ, ಆದರೆ ಮಾಡುವುದನ್ನು ಅತ್ತೆಯಿಂದ ಕಲಿತೆ. ಅತ್ತೆ ಹೋದ ಮೇಲೆ ಹಂದಿ ಸಾರಿಗೆ ಖಾರ ಅರೆಯುವವಳು ನಾನೇ ಆದೆ. ತಿನ್ನದವಳು ಉಪ್ಪು ಹೇಗೆ ನೋಡುತ್ತೀಯ ಎಂದು ಗಂಡ ತಮಾಷೆ ಮಾಡುತ್ತಿದ್ದರು.

ಕೆಲಸಕ್ಕೆ ಒಂದು ಆಸ್ಪತ್ರೆಯ ಲ್ಯಾಬ್‌ಗೆ ಹೋಗುತ್ತೇನೆ. ರೋಗಿಯ ಕೀವೋ ಕಫವೋ ಬಂದರೆ, ಅದರಲ್ಲಿರುವ ರೋಗಾಣುವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತೇವೆ. ಬೇರೆ ಬೇರೆ ಆ್ಯಂಟಿಬಯಾಟಿಕ್ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಬೆಳೆ ಇಲ್ಲದ ಒಂದು ಬರಿ ವೃತ್ತ ಕಾಣುತ್ತದೆ. ಕೆಲಸ ಮಾಡದಿದ್ದರೆ ರೋಗಾಣು ಬಿಲ್ಲೆಯ ಅಂಚಿನವರೆಗೂ ಬಂದು ಕೂತಿರುತ್ತದೆ. ನಾನು ಈ ಕೆಲಸಕ್ಕೆ ಸೇರಿದಾಗ ವೃತ್ತಗಳು ದೊಡ್ಡದಾಗಿದ್ದವು. ಈಗ ಒಂದೊಂದು ದಿನ ಇಡೀ ತಟ್ಟೆಯಲ್ಲಿ ಒಂದು ವೃತ್ತವೂ ಕಾಣುವುದಿಲ್ಲ.

ಮಳಿಗೆಯಲ್ಲಿ ಏನು ಕಲಸುತ್ತಾರೆಂದು ನಾನು ಬಹಳ ಕಾಲ ತಲೆ ಕೆಡಿಸಿಕೊಂಡಿರಲಿಲ್ಲ. ಮೆಕ್ಕೆಜೋಳದ ನುಚ್ಚು, ಬೂಸಾ, ಸೋಯಾ ಹಿಂಡಿ, ನಾರುವ ಮೀನಿನ ಪುಡಿ. ಮೋಟಾರು ಹಾಕಿದ ಡ್ರಮ್ಮು ಬೆಳಿಗ್ಗೆಯಿಂದ ಗಡಗಡ ಎನ್ನುತ್ತಿತ್ತು. ದೂಳು ಮೆಟ್ಟಿಲ ಕಡೆಯಿಂದ ಮೇಲೆ ಬಂದು, ಒಣಹಾಕಿದ ಬಟ್ಟೆಯ ಮೇಲೆ, ಕುಡಿಯುವ ನೀರಿನ ಬಿಂದಿಗೆಯ ಮುಚ್ಚಳದ ಮೇಲೆ ಕೂರುತ್ತಿತ್ತು. ಒಂದು ದಿನ ಆ ದೂಳು ಹಳದಿಯಾಗಿ ಕಂಡಿತು. ಕೆಳಗೆ ಹೋಗಿ ನೋಡಿದೆ. ಭಾವ ಬನಿಯನ್ನಿನಲ್ಲಿ ನಿಂತು, ಬರಿಗೈಯಲ್ಲಿ ಒಂದು ಚೀಲದಿಂದ ಪುಡಿ ಮೊಗೆದು ಡ್ರಮ್ಮಿಗೆ ಹಾಕುತ್ತಿದ್ದರು. ಚೀಲದ ಮೇಲೆ ಟೆಟ್ರಾಸೈಕ್ಲಿನ್ ಎಂದಿತ್ತು. ನನ್ನ ತಟ್ಟೆಯಲ್ಲಿ ದಿನಾ ಇಡುವ ಬಿಲ್ಲೆಗಳಲ್ಲಿ ಅದೂ ಒಂದು. ಪಕ್ಕದಲ್ಲೇ ಜಂತುಹುಳದ ಬಿಳಿ ಪುಡಿಯ ಇನ್ನೊಂದು ಚೀಲ.

"ಹಂದಿಗಳಿಗೆ ಹುಷಾರಿಲ್ವಾ ಭಾವ?" ಎಂದೆ.

"ಚೆನ್ನಾಗವೆ. ಯಾಕೆ?"

"ಮತ್ತೆ ಈ ಔಷಧಿ?"

"ಔಷಧಿ ಅಲ್ಲಮ್ಮ, ಪವರ್ರು. ಇದು ಹಾಕಿದ್ರೆ ಬೇಗ ಮೈ ತುಂಬತ್ತೆ. ಹುಳದ ಪುಡಿನೂ ಹಾಕ್ಬೇಕು, ಇಲ್ದಿದ್ರೆ ತಿಂದಿದ್ದೆಲ್ಲ ಹುಳಕ್ಕೇ ಹೋಗತ್ತೆ."

ನಾನು ಸಮಾಧಾನವಾಗಿಯೇ ಹೇಳಿದೆ. ಹುಳ ಬಿದ್ದರೆ ಡಾಕ್ಟರನ್ನು ಕೇಳಿ ಹುಳಕ್ಕೆ ಕೊಡಿ, ತಪ್ಪಿಲ್ಲ. ಕಾಯಿಲೆ ಬಿದ್ದ ಹಂದಿಗೆ ಔಷಧಿ ಕೊಡಿ, ಅದೂ ಸರಿ. ಚೆನ್ನಾಗಿರುವ ಹಂದಿಗೆ ದಿನಾ ಚೂರುಚೂರು ಆ್ಯಂಟಿಬಯಾಟಿಕ್ ತಿನ್ನಿಸಿದರೆ, ಅದರ ಹೊಟ್ಟೆಯಲ್ಲಿ ಔಷಧಿಗೆ ಬಗ್ಗುವ ರೋಗಾಣು ಸತ್ತು ಬಗ್ಗದವು ಉಳಿಯುತ್ತವೆ. ಅವು ಹಂದಿಯ ಹೊಟ್ಟೆಯಲ್ಲೇ ಇರುವುದಿಲ್ಲ, ಗೊಬ್ಬರದಲ್ಲಿ, ನೀರಿನಲ್ಲಿ, ಕೆಲಸದವರ ಕೈಯಲ್ಲಿ ಹೊರಗೆ ಬರುತ್ತವೆ ಎಂದೆ. ಭಾವ ಪುಡಿ ಮೊಗೆಯುವುದನ್ನು ನಿಲ್ಲಿಸಲಿಲ್ಲ.

"ನಿಮ್ ಡಾಕ್ಟ್ರುಗಳು ನೆಗಡಿಗೂ ಇದೇ ಮಾತ್ರೆ ಬರ್ಕೊಡ್ತಾರೆ. ಮೊದ್ಲು ಅವ್ರಿಗೆ ಹೇಳ್ಹೋಗು."

ಆ ಮಾತಿನಲ್ಲಿ ಸತ್ಯವಿತ್ತು. ಅದಕ್ಕೇ ಇನ್ನಷ್ಟು ಉರಿಯಿತು.

ಅವತ್ತಿನಿಂದ ನಮ್ಮಿಬ್ಬರ ನಡುವೆ ಮಾತೆಂದರೆ ಜಗಳ. ನಾನು ಬಟ್ಟೆ ಒಗೆದು ಒಣಹಾಕಿದ ಹೊತ್ತಿಗೇ ಡ್ರಮ್ಮು ಶುರುವಾಗುತ್ತಿತ್ತು. ಬೇಕೆಂದೇ ಮಾಡುತ್ತಿದ್ದರು, ಅನುಮಾನವಿಲ್ಲ. ನಾನೂ ಸುಮ್ಮನಿರಲಿಲ್ಲ. ನೀರಿನ ಮೋಟಾರು ಹಾಕುವ ಸ್ವಿಚ್ಚು ನಮ್ಮ ಮನೆಯಲ್ಲಿತ್ತು. ಅವರ ತೊಟ್ಟಿಗೆ ನೀರು ಬೇಕಾದಾಗ ಅದು ನನಗೆ ಮರೆತುಹೋಗುತ್ತಿತ್ತು. ನನ್ನ ಗಂಡ ಇಬ್ಬರ ಮಧ್ಯೆ ಸಿಕ್ಕಿ, ಬ್ಯಾಂಕಿನಿಂದ ಬಂದವರೇ ಪೇಪರು ಹಿಡಿದು ಕೂರುತ್ತಿದ್ದರು.

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ ಎಲ್ಲರೂ ಕೆಳಗೆ ಒಟ್ಟಿಗೆ ಬಾಡೂಟಕ್ಕೆ ಕೂತಿದ್ದಾಗ, ಭಾವ ನೆಂಟರೆದುರಿಗೆ ಅದನ್ನು ಆಡಿಬಿಟ್ಟರು. "ನಮ್ ಮನೆ ಸೊಸೆಗೆ ಪುಡಿ ಮೇಲಲ್ಲ ಕೋಪ, ಹಂದಿ ಮೇಲೆ. ಬಸವನಗುಡಿ ಕಡೆಯೋರಿಗೆ ಹಂದಿ ಅಂದ್ರೆ ಮೈಲಿಗೆ. ಅದನ್ನ ಬಾಯ್ಬಿಟ್ಟು ಹೇಳಕ್ಕಾಗಲ್ವಲ್ಲ, ಅದಕ್ಕೆ ಸೈನ್ಸು ಹೇಳ್ತಾಳೆ."

ಕೆಲವರು ನಕ್ಕರು. ನಾನು ಆಗ ಭಾವನ ಎಲೆಗೆ ಹಂದಿ ಸಾರು ಬಡಿಸುತ್ತಿದ್ದೆ.

"ಈ ಸಾರು ಮಾಡಿದ್ದು ಯಾರು ಭಾವ?" ಎಂದೆ. "ಬೆಳಿಗ್ಗೆ ಎದ್ದು ಹಂದಿ ಮಾಂಸ ತೊಳೆದಿದ್ದು, ಹೆಚ್ಚಿದ್ದು ಯಾರು? ನಂಗೆ ಹಂದಿ ಮೇಲೆ ಏನೂ ಇಲ್ಲ. ಇರೋದೆಲ್ಲ ನಿಮ್ಮ ಮೇಲೆ."

ಪಾತ್ರೆಯನ್ನು ಅಲ್ಲೇ ನೆಲದ ಮೇಲಿಟ್ಟು ಮೇಲೆ ಬಂದುಬಿಟ್ಟೆ. ಅವತ್ತಿನಿಂದ ಕೆಳಗಿನ ಊಟಕ್ಕೆ ನಾನು ಹೋಗಿಲ್ಲ. ಅವರು ಹೇಳಿದ್ದು ನಿಜವಿರಬಹುದೇ ಎಂದು ನನ್ನನ್ನೇ ಕೇಳಿಕೊಂಡದ್ದುಂಟು. ಒಮ್ಮೆ ಗಂಡನ ಜೊತೆ ಫಾರಂಗೂ ಹೋಗಿ ನೋಡಿದೆ. ಹಂದಿಗಳು ಹೊರಳಲು ಜಾಗವಿಲ್ಲದೆ, ತಮ್ಮದೇ ಗಲೀಜಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಒಂದು ಹೆಣ್ಣು ಹಂದಿ ಕಂಬಿಯ ಸಂದಿಯಿಂದ ಮೂತಿ ಚಾಚಿ ನನ್ನ ಸೀರೆಯ ನೆರಿಗೆ ಮೂಸಿತು. ನನಗೆ ಅಸಹ್ಯವಾಗಲಿಲ್ಲ, ಪಾಪ ಎನ್ನಿಸಿತು. ಒಣಗಿದ ನೆಲ, ಕಾಲು ಚಾಚುವಷ್ಟು ಜಾಗ ಕೊಟ್ಟಿದ್ದರೆ ಅವಕ್ಕೆ ಆ ಪುಡಿಯೇ ಬೇಕಿರಲಿಲ್ಲ. ಅದು ಭಾವನಿಗೂ ಗೊತ್ತು. ಜಾಗ ಕೊಟ್ಟರೆ ಹಂದಿ ಕಡಿಮೆ ಸಾಕಬೇಕಾಗುತ್ತದೆ, ಅಷ್ಟೇ.

ಮಳೆಗಾಲದಲ್ಲಿ ಒಮ್ಮೆ ಭಾವನ ಕೈಗೆ ಮೂಟೆ ಹೊಲಿಯುವ ದಬ್ಬಳ ಚುಚ್ಚಿತು. ಅರಿಶಿನ ಮೆತ್ತಿಕೊಂಡು ಓಡಾಡಿದರು. ಕೈ ಮೊಣಕೈವರೆಗೆ ಊದಿ ಕೆಂಪಾದ ಮೇಲೆ, ಅವರ ಹೆಂಡತಿ ನನ್ನ ಹತ್ತಿರ ಬಂದರು. ಅವರನ್ನು ನಾನು ಅಕ್ಕ ಎನ್ನುತ್ತೇನೆ. ಮಾತು ಕಡಿಮೆ, ಗಂಡನಿಗೆ ಎದುರಾಡಿದವರಲ್ಲ. "ಜ್ವರ ಬಿಡ್ತಿಲ್ಲ. ನಿಮ್ಮಾಸ್ಪತ್ರೆಗೇ ಕರ್ಕೊಂಡ್ಹೋಗು" ಎಂದರು.

ಕರೆದುಕೊಂಡು ಹೋದೆ. ಕೈ ಕೊಯ್ದು ಕೀವು ತೆಗೆದರು. ಆ ಕೀವು ನಮ್ಮ ಲ್ಯಾಬಿಗೇ ಬಂತು. ತಟ್ಟೆಯನ್ನು ತೆರೆದು ನೋಡಿದವಳು ನಾನೇ. ಟೆಟ್ರಾಸೈಕ್ಲಿನ್ ಬಿಲ್ಲೆಯ ಸುತ್ತ ವೃತ್ತವೇ ಇರಲಿಲ್ಲ. ಇನ್ನೂ ಕೆಲವು ಬಿಲ್ಲೆಗಳ ಅಂಚಿಗೂ ಬೆಳೆ ಮುತ್ತಿಕೊಂಡಿತ್ತು. ನನಗೆ ಮೊದಲು ಆದದ್ದು ಖುಷಿ. ನೋಡಿ, ನಾನು ಹೇಳಿರಲಿಲ್ಲವೇ ಎನ್ನುವ ಕೆಟ್ಟ ಖುಷಿ. ಆಮೇಲೆ, ಇನ್ನು ಯಾವ ಔಷಧಿ ಉಳಿದಿದೆ ಎಂದು ಹುಡುಕುವಾಗ, ಆ ಖುಷಿ ತಾನಾಗಿ ಇಳಿಯಿತು. ಮಿಕ್ಕವುಗಳಲ್ಲಿ ಒಂದಕ್ಕೆ ರೋಗಾಣು ಚೆನ್ನಾಗಿ ಬಗ್ಗಿತ್ತು. ಅದನ್ನು ರಕ್ತನಾಳಕ್ಕೆ ಕೊಟ್ಟರು.

"ಇದು ಆ ಪುಡಿಯಿಂದಲೇ ಬಂದಿದ್ದಾ?" ಎಂದು ನಮ್ಮ ಡಾಕ್ಟರನ್ನು ಕೇಳಿದೆ.

"ಇರಬಹುದು. ಆದ್ರೆ ಇದೊಂದು ತಟ್ಟೆ ನೋಡಿ ಹಂಗಂತ ಹೇಳಕ್ಕಾಗಲ್ಲ. ಇಂಥವು ಈಗ ಎಲ್ಲಾ ಕಡೆ ಸಿಗ್ತಾವೆ" ಎಂದರು.

ನಾನು ಮನೆಯಲ್ಲಿ ಅಷ್ಟನ್ನೇ ಹೇಳಿದೆ, ಒಂದು ಅಕ್ಷರ ಹೆಚ್ಚಿಸಲಿಲ್ಲ. ಭಾವ ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದರು. "ವಾಸಿಯಾಯ್ತಲ್ಲ" ಎಂದರು. "ಔಷಧಿ ಕೆಲ್ಸ ಮಾಡ್ದೇ ಹೋಗಿದ್ರೆ ವಾಸಿ ಹೆಂಗಾಗ್ತಿತ್ತು?"

ಕೈ ಒಣಗುತ್ತಲೇ ಡ್ರಮ್ಮು ಮತ್ತೆ ತಿರುಗಿತು.

ಅವತ್ತು ನಾನು ರಜೆ ಹಾಕಿದೆ. ಮೂಟೆ ಇಳಿಸಲು ಲಗೇಜ್ ಆಟೋ ಬರುವ ಮುಂಚೆ, ನನ್ನ ಸ್ಕೂಟರನ್ನು ಮಳಿಗೆಯ ಬಾಗಿಲಿಗೆ ಅಡ್ಡ ನಿಲ್ಲಿಸಿ ಅದರ ಮೇಲೆ ಕೂತೆ.

"ಗಾಡಿ ತೆಗಿ" ಎಂದರು ಭಾವ.

"ತೆಗೆಯಲ್ಲ."

"ಬೀದೀಲಿ ಮಾನ ಕಳೀಬೇಡ. ತೆಗಿ."

"ಮಾನ ಇರೋರು ಮನೆಯೊಳಗೆ ವಿಷ ಕಲಸಲ್ಲ."

ಆಟೋದವನು ಹಾರ್ನ್ ಹೊಡೆದ. ಎದುರಿನ ಬಳೆ ಅಂಗಡಿಯವರು ಹೊರಗೆ ಬಂದು ನಿಂತರು. ಭಾವ ಸ್ಕೂಟರಿನ ಹ್ಯಾಂಡಲ್ಲಿಗೆ ಕೈ ಹಾಕಿದರು. ನಾನು ಏಳಲಿಲ್ಲ. ಕೈಯ ಗಾಯದ ಹೊಸ ಚರ್ಮ ಇನ್ನೂ ಗುಲಾಬಿಯಾಗಿತ್ತು, ನನಗೆ ಅದು ಅಷ್ಟು ಹತ್ತಿರದಿಂದ ಕಾಣುತ್ತಿತ್ತು.

ಆಗ ಅಕ್ಕ ಒಳಗಿನಿಂದ ಬಂದರು. ಅವರು ನನ್ನ ಕಡೆ ನೋಡಲೇ ಇಲ್ಲ. "ಇಲ್ಲಿ ಬೇಡ ರೀ" ಎಂದರು ಗಂಡನಿಗೆ. "ಏನ್ ಕಲಸ್ತೀರೋ ಊರಲ್ಲೇ ಕಲಸ್ಕೊಳ್ಳಿ. ನಿಮ್ ಕೈಗೆ ಕಟ್ಟು ಬಿಚ್ಚಿ ಕಟ್ಟಿದೋಳು ನಾನು. ಇನ್ನೊಂದ್ಸಲ ನನ್ ಕೈಲಾಗಲ್ಲ."

"ನೀನೂ ಇವಳ ಕಡೆ ಸೇರ್ಕೊಂಡ್ಯಾ?"

"ನಾನ್ ಯಾರ್ ಕಡೆನೂ ಇಲ್ಲ" ಎಂದು ಅಕ್ಕ ಮಳಿಗೆಯ ಶಟರನ್ನು ಎಳೆದರು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ನಾನು ಇಳಿದು ಹೋಗಿ ಒತ್ತಿದೆ.

ಡ್ರಮ್ಮು ಊರಿಗೆ ಹೋಯಿತು. ಮಳಿಗೆಯನ್ನು ಈಗ ಪ್ಲಾಸ್ಟಿಕ್ ಬಕೆಟ್ಟು, ಮೊರ, ಪೊರಕೆ ಮಾರುವವರು ಬಾಡಿಗೆಗೆ ತೆಗೆದುಕೊಂಡಿದ್ದಾರೆ. ನನ್ನ ಬಟ್ಟೆಗಳ ಮೇಲೆ ಹಳದಿ ಕೂರುವುದಿಲ್ಲ. ಇದನ್ನು ಗೆಲುವು ಎಂದುಕೊಳ್ಳುವಷ್ಟು ದಡ್ಡಿಯಲ್ಲ ನಾನು. ಪುಡಿ ನಮ್ಮ ಮನೆ ಬಿಟ್ಟಿತೇ ಹೊರತು ಹಂದಿಯ ತೊಟ್ಟಿ ಬಿಡಲಿಲ್ಲ.

ಹೋದ ವರ್ಷ ಭಾವನೇ ಮೆಟ್ಟಿಲು ಹತ್ತಿ ಬಂದರು. ಹೊಸಿಲು ದಾಟಲಿಲ್ಲ, ನಾನೂ ಒಳಗೆ ಬನ್ನಿ ಎನ್ನಲಿಲ್ಲ. ಅವರಿಂದ ಮಾಂಸ ಕೊಳ್ಳುವ ಹೋಟೆಲಿನವರು ಔಷಧಿ ಹಾಕ್ತೀರಾ ಎಂದು ಕೇಳುತ್ತಿದ್ದಾರಂತೆ.

"ಮಾಂಸದಲ್ಲಿ ಔಷಧಿ ಉಳೀಬಾರ್ದು ಅಂದ್ರೆ, ಕೊಯ್ಯೋಕ್ ಮುಂಚೆ ಪುಡಿ ಎಷ್ಟ್ ದಿನ ನಿಲ್ಲಿಸ್ಬೇಕು?"

"ಪೂರ್ತಿ ನಿಲ್ಲಿಸಿ."

"ಉಪದೇಶ ಬೇಡ. ದಿನ ಹೇಳು."

"ನಾನು ಮನುಷ್ಯರ ಲ್ಯಾಬಲ್ಲಿರೋಳು. ಪಶುವೈದ್ಯರನ್ನ ಕೇಳಿ."

"ಅವ್ರನ್ನ ಕೇಳಿದ್ರೆ ಫಾರಂ ನೋಡ್ಬೇಕು ಅಂತಾರೆ."

"ನೋಡ್ಲಿ ಬಿಡಿ."

ಅವರು ಏನೋ ಗೊಣಗುತ್ತಾ ಇಳಿದುಹೋದರು. ಆಮೇಲೆ ಅಕ್ಕ ಹೇಳಿದ್ದು: ಪಶುವೈದ್ಯರು ಫಾರಂಗೆ ಬಂದರಂತೆ, ದೊಡ್ಡಿಯ ಗಲೀಜು ನೋಡಿ ಭಾವನಿಗೆ ಬಾಯಿಗೆ ಬಂದಂತೆ ಬೈದರಂತೆ. ಒಂದು ಕಡೆಯ ನೆಲ ಎತ್ತರಿಸಿ, ಅಲ್ಲಿಯ ಹಂದಿಗಳಿಗೆ ಪುಡಿ ಬಿಡಿಸಿದ್ದಾರೆ. ಮರಿಗಳಿಗೆ ಮಾತ್ರ ಈಗಲೂ ಕದ್ದು ಹಾಕುತ್ತಾರೆ.

"ಮರಿಗಳ ವಿಷ್ಯ ನಿಂಗೆ ಹೇಳ್ಬೇಡ ಅಂದಿದ್ರು" ಎಂದರು ಅಕ್ಕ, ನಮ್ಮ ಅಡುಗೆಮನೆಯಲ್ಲಿ ಅವರೆಕಾಳು ಹಿತುಕುತ್ತಾ. "ನೀನು ಕೇಳಿದ್ರೆ ಹೇಳೋಣ ಅಂತಿದ್ದೆ. ನೀನು ಕೇಳಲೇ ಇಲ್ಲ, ಅದಕ್ಕೆ ನಾನೇ ಹೇಳ್ದೆ."