ಹಿತ್ತಲ ಬಾಗಿಲ ಮೇಲಿನ ಹಸಿರು ಗುರುತು

ಎರಡು ವರ್ಷದ ಹಿಂದಿನ ಮಾತು. ಹೊಸ ತೊಗರಿ ರೈತರ ಮನೆಯಿಂದ ಸಾವ್ಕಾರರ ಮನೆಗೆ ಬಂದು ಬೀಳುತ್ತಿದ್ದ ದಿನಗಳು. ತೆಲಂಗಾಣದ ಗಡಿಯಲ್ಲಿರುವ ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಮದುವೆ ಕಾರ್ಡು, ಫ್ಲೆಕ್ಸು, ಅಂಗಡಿ ಬೋರ್ಡುಗಳನ್ನು ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿಕೊಡುವುದು ನನ್ನ ಕೆಲಸ. ನನ್ನ ಗಂಡ ಮಲ್ಲಿಕಾರ್ಜುನ ಸೀರೆ ನೇಯುತ್ತಾರೆ. ಅಂಗಡಿಯ ಗೋಡೆಯ ಆಚೆಗೇ ಅವರ ಮಗ್ಗ.

ಆಗ ಮಕ್ತಲ್‌ನಿಂದ ಬಸವರಾಜ ಎನ್ನುವವರು ಬಂದರು. ಹೈದರಾಬಾದಿನ ಒಂದು ಪೆಸ್ಟ್ ಕಂಟ್ರೋಲ್ ಕಂಪನಿಯಲ್ಲಿ ಬಹಳ ವರ್ಷ ದುಡಿದು, ತರಬೇತಿ, ಲೈಸೆನ್ಸು ಎಲ್ಲ ಮಾಡಿಕೊಂಡು, ಈಗ ಸ್ವಂತಕ್ಕೆ ಕೆಲಸ ಶುರು ಮಾಡಿದ್ದರು. ಗೆದ್ದಲು, ಜಿರಲೆ, ಕಾಳಿನ ಹುಳ ಎಲ್ಲಕ್ಕೂ ಔಷಧ ಹಾಕುತ್ತಿದ್ದರು.

"ಅಕ್ಕಾರ, ಒಂದು ಲೋಗೊ ಮಾಡಿಕೊಡ್ರಿ. ನೋಡಿದ್ರ ಜನ ಅಂಜಬೇಕ್ರಿ" ಅಂದರು.

"ಜನ ಅಂಜಿದ್ರ ನಿಮ್ಮನ್ನ ಕರೆಯೋರು ಯಾರಣ್ಣ?" ಅಂತ ನಾನು ನಕ್ಕೆ. ಆದರೂ ಅವರ ಮನಸ್ಸಿಗೆ ಬಂದಂತೆ ಮೊದಲು ಒಂದು ದೊಡ್ಡ ಜಿರಲೆ ಬರೆದೆ. ಮೀಸೆ, ಮುಳ್ಳುಗಾಲು ಎಲ್ಲ ಚೆನ್ನಾಗಿಯೇ ಬಂದಿತ್ತು. ಮಗ್ಗ ಬಿಟ್ಟು ನೀರು ಕುಡಿಯಲು ಬಂದ ನನ್ನ ಗಂಡ ಅದನ್ನು ನೋಡಿ, "ಇದನ್ನ ಯಾರರ ಕಿಸೇದಾಗ ಇಟ್ಕೊಂತಾರೇನು? ಕಾರ್ಡ್ ಕೈಯಾಗ ಹಿಡಿದ್ರ ಕೊಡವಿ ಒಗೀತಾರ" ಅಂದರು. ಆಮೇಲೆ ತಲೆಬುರುಡೆ ಹಾಕಿ ನೋಡಿದೆ. ಅದು ಇಲಿ ಪಾಷಾಣದ ಪಾಕೀಟಿನಂತೆ ಕಂಡಿತು. ಬಸವರಾಜಣ್ಣನಿಗೂ ಹಿಡಿಸಲಿಲ್ಲ.

ನಾನು ಯೋಚನೆ ಮಾಡಿದೆ. ಹುಳದ ಕಾಟ ಇರುವವರಿಗೆ ಹುಳ ತೋರಿಸುವುದು ಯಾಕೆ? ದಿನಾ ನೋಡುತ್ತಾರಲ್ಲ. ಹುಳ ಹೋದ ಮೇಲಿನ ಮನೆ ತೋರಿಸಬೇಕು. ಹಾಗೆ ಒಂದು ಮನೆಯ ಆಕಾರ ಬರೆದು, ಅದರೊಳಗೆ ದೊಡ್ಡದೊಂದು ರೈಟ್ ಮಾರ್ಕ್ ಹಾಕಿದೆ. ಒಂದೇ ಬಣ್ಣ, ಎಳೆ ಹಸಿರು. ಕಾರ್ಡಿನ ಮೂಲೆಯಲ್ಲಿ ಸಣ್ಣಗೆ ಹಾಕಿದರೂ ಗೊತ್ತಾಗಬೇಕು, ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದರೂ ದೂರದಿಂದ ಕಾಣಬೇಕು. ಬಸವರಾಜಣ್ಣ ನೋಡಿ, "ಮನಸಿಗೆ ತಂಪಾತು ನೋಡ್ರಿ ಅಕ್ಕಾರ" ಅಂದರು. ಕಾರ್ಡು, ಅಂಗಿ, ಬೈಕಿನ ಡಬ್ಬಿ ಎಲ್ಲದರ ಮೇಲೂ ಅದನ್ನೇ ಹಾಕಿಸಿದರು. ಅಂಟಿಸುವ ಸ್ಟಿಕ್ಕರುಗಳನ್ನೂ ಕಟ್ಟುಗಟ್ಟಲೆ ಒಯ್ದರು.

ಒಂದು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಅವರು ನನ್ನ ಮೊಬೈಲಿಗೆ ಫೋಟೊ ಕಳಿಸಿದರು. ಹಳೆಯ ಕಟ್ಟಿಗೆ ಬಾಗಿಲು, ಸುತ್ತ ಬಿಗಿಯಾಗಿ ಅಂಟಿಸಿದ ಟೇಪು, ನಟ್ಟನಡುವೆ ಎರಡು ಕದ ಕೂಡುವಲ್ಲಿ ಟೇಪಿನ ಮೇಲೆ ನನ್ನ ಹಸಿರು ಲೋಗೊ. ಕೆಳಗೆ ಹೀಗೆ ಬರೆದಿದ್ದರು: "ಗದ್ವಾಲ ಕೋಟಿ ಹಿಂದ ಸಾವ್ಕಾರ್ರ ಮನಿ. ತೊಗರಿ ಕ್ವಾಣಿಗೆ ಗುಳಿಗಿ ಇಟ್ಟು ಬಂದ್ವಿ. ನಿಮ್ಮ ಲೋಗೊ ಹೆಂಗ ಎದ್ದು ಕಾಣಾಕತ್ತೈತಿ ನೋಡ್ರಿ."

ನನಗೆ ಖುಷಿಯೋ ಖುಷಿ. ಗಂಡನಿಗೆ ತೋರಿಸಿದೆ, ಪಕ್ಕದ ಅಂಗಡಿಯವರಿಗೂ ತೋರಿಸಿದೆ.

ಸ್ವಲ್ಪ ಹೊತ್ತಿಗೆ ಹಾಲು ತರಲೆಂದು ಹೊರಗೆ ಹೋದೆ. ಆ ವಾರ ನಮ್ಮ ಓಣಿಗೆ ಯಾವುದೋ ಸರ್ವೆಯವರು ಬಂದಿದ್ದರು. ಕೆಲಸ ಮುಗಿದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ರೈಟ್ ಹಾಕಿ ಹೋಗಿದ್ದರು. ಸಾಲು ಮನೆಗಳ ಬಾಗಿಲ ಮೇಲೆ ಸಾಲಾಗಿ ರೈಟ್ ಮಾರ್ಕು. ನೋಡುತ್ತ ನಡೆಯುತ್ತಿದ್ದವಳು ನಿಂತೇಬಿಟ್ಟೆ. ಬಾಗಿಲ ಮೇಲೆ ರೈಟ್ ಹಾಕಿದರೆ ಅರ್ಥ ಏನು? ಇಲ್ಲಿ ಕೆಲಸ ಮುಗಿದಿದೆ ಅಂತ. ಇನ್ನೇನೂ ತೊಂದರೆ ಇಲ್ಲ ಅಂತ.

ಗುಳಿಗೆಯ ವಿಷಯ ಬಸವರಾಜಣ್ಣನೇ ನನಗೆ ಹೇಳಿದ್ದರು. ಕಾಳಿನ ಕೋಣೆಯಲ್ಲಿ ಅದನ್ನಿಟ್ಟು ಸಂದುಗೊಂದುಗಳಿಗೆಲ್ಲ ಟೇಪ್ ಹಚ್ಚಿ ಕೆಲವು ದಿನ ಮುಚ್ಚಿಡುತ್ತಾರೆ. ಗುಳಿಗೆ ವಿಷದ ಗಾಳಿಯಾಗಿ ಹುಳ ಸಾಯುತ್ತದೆ. ಅಷ್ಟು ದಿನ ಒಳಗೆ ಕಾಲಿಟ್ಟರೆ ಮನುಷ್ಯರೂ ಉಳಿಯುವುದು ಕಷ್ಟ. ಅಂಥ ಬಾಗಿಲ ಮೇಲೆ ಈಗ ಕೂತಿರುವುದು "ಬನ್ನಿ" ಎನ್ನುವ ಗುರುತು.

ಹಾಲು ಮರೆತು ಓಡಿಬಂದು ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಸ್ವಿಚ್ ಆಫ್. ಫೋಟೊ ದೊಡ್ಡದು ಮಾಡಿ ನೋಡಿದೆ. ಅಪಾಯ ಅನ್ನುವ ಕೆಂಪು ಚೀಟಿ ಎಲ್ಲಾದರೂ ಇದೆಯೇನೋ ಅಂತ ಹುಡುಕಿದೆ. ಇರಲಿಲ್ಲ.

"ರೀ, ಗದ್ವಾಲಕ್ಕ ಹೋಗಬೇಕ್ರಿ. ಈಗಿಂದೀಗ" ಅಂದೆ.

ನನ್ನ ಗಂಡ ಮಗ್ಗದಿಂದ ತಲೆ ಎತ್ತಿದರು. "ಹುಚ್ಚಿ ಏನ ನೀನು? ಔಷಧ ಇಟ್ಟವರಿಗೆ ಗೊತ್ತಿರಂಗಿಲ್ಲೇನು? ಮನಿಯವ್ರಿಗೆ ಹೇಳೇ ಇಟ್ಟಿರ್ತಾರ."

"ಹೇಳಿರ್ತಾರ. ಆದ್ರ ಹೇಳಿಸ್ಕೊಳ್ಳದವ್ರು ಒಬ್ಬರು ಬಂದ್ರ?"

ನನ್ನ ಮುಖ ನೋಡಿ ಅವರು ಮಗ್ಗ ಬಿಟ್ಟು ಎದ್ದರು. ಬೈಕ್ ತೆಗೆದರು.

ಮಕ್ತಲ್ ಮುಟ್ಟುವವರೆಗೂ ಹಿಂದೆ ಕೂತು ಫೋನ್ ಒತ್ತುತ್ತಲೇ ಇದ್ದೆ. ಕೇಳಿಕೊಂಡು ಬಸವರಾಜಣ್ಣನ ಮನೆ ಹುಡುಕಿದೆವು. ಅವರ ಹೆಂಡತಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. "ಗುಂಡುಮಾಲ್ ಕಡಿ ಹೋಗ್ಯಾರ್ರಿ ಅಕ್ಕಾ, ಗೆದ್ದಲಿ ಕೆಲಸಕ್ಕ. ಚಾರ್ಜ್ ಇಲ್ಲ ಅಂತ ಬೈಕೊಂತ ಹೋದ್ರು. ಯಾಕ್ರಿ, ಏನಾತ್ರಿ?" ಅಂದರು. ಹೇಳಿದೆ. ಆಕೆಯ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ಒಳಗೆ ಹೋಗಿ ಗದ್ವಾಲದ ಸಾವ್ಕಾರರ ನಂಬರು ತಂದುಕೊಟ್ಟರು.

ಸಾವ್ಕಾರರು ರಾಯಚೂರಿನಲ್ಲಿ ಮದುವೆಯಲ್ಲಿದ್ದರು. ಬ್ಯಾಂಡಿನ ಸದ್ದಿನಲ್ಲಿ ಒದರಿ ಒದರಿ ಹೇಳಬೇಕಾಯಿತು.

"ಮನ್ಯಾಗ ಯಾರೂ ಇಲ್ಲ ತಗೋರಿ ತಂಗಿ, ನಾವೆಲ್ಲಾ ಇಲ್ಲೇ ಅದೀವಿ. ಕೀಲಿ ಹಾಕೇವಿ" ಅಂದರು. ನನಗೆ ಉಸಿರು ಬಂತು. ಅಷ್ಟರಲ್ಲಿ ಅವರೇ ತಡೆದು, "ಇರ್ರಿ ಇರ್ರಿ. ತೊಗರಿ ಹಸನ ಮಾಡಾಕ ನರಸಮ್ಮ ಬರ್ತಾಳ... ಆಕಿಗೆ ಬರಬ್ಯಾಡ ಅಂತ ಹೇಳೀನೋ ಇಲ್ಲೋ" ಅಂದರು. ನರಸಮ್ಮನ ಹತ್ತಿರ ಫೋನ್ ಇರಲಿಲ್ಲ. ಎದುರು ಮನೆಯವರಿಗೆ ಹೇಳಿ ನೋಡಿಸುತ್ತೇನೆ ಅಂತ ಇಟ್ಟರು.

ನಾವು ಮಕ್ತಲ್ ದಾಟುತ್ತಿದ್ದಂತೆ ಅವರ ಫೋನ್ ಬಂತು. "ಎದುರುಮನಿಯವ್ರು ನೋಡ್ಯಾರ್ರಿ. ಬಾಗಲಕ್ಕ ಕೀಲಿ ಐತಿ, ಕೆಂಪು ಚೀಟಿನೂ ಐತಿ. ಕಾಳಜಿ ಮಾಡಬ್ಯಾಡ್ರಿ."

ಗಂಡ ಬೈಕ್ ನಿಲ್ಲಿಸಿದರು. "ಆತಲ್ಲ? ತಿರುಗಿ ಹೋಗೋಣ?"

ಕೆಂಪು ಚೀಟಿ ಇದೆ ಅಂದರು. ನನ್ನ ಫೋಟೊದಲ್ಲಿ ಕೆಂಪು ಚೀಟಿ ಇರಲಿಲ್ಲ. ಹಾಗಾದರೆ ಇದು ಬೇರೆ ಬಾಗಿಲು. ತಿರುಗಿ ಫೋನ್ ಮಾಡಿ, "ಸಾವ್ಕಾರ್ರ, ತೊಗರಿ ಕ್ವಾಣಿಗೆ ಹಿತ್ತಲ ಬಾಗಿಲು ಅಂತ ಇನ್ನೊಂದು ಐತೇನ್ರಿ?" ಅಂತ ಕೇಳಿದೆ.

"ಐತ್ರಿ. ನರಸಮ್ಮ ಆ ಕಡಿಂದನ ಬರೋದು" ಅಂದರು. ಆಮೇಲೆ, "ಅದಕ್ಕ ಹೊರಗಿಂದ ಚಿಲಕ ಅಷ್ಟ ಐತಿ" ಅಂದರು. ಎದುರು ಮನೆಯವರಿಗೆ ಮತ್ತೆ ಫೋನ್ ಹಚ್ಚುತ್ತೇನೆ ಅಂದರು. ಆ ಫೋನ್ ಎತ್ತುವವರು ಅಷ್ಟರಲ್ಲಿ ಹೊಲಕ್ಕೆ ಹೋಗಿದ್ದರಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

ಅಲ್ಲಿಂದ ಗದ್ವಾಲದವರೆಗಿನ ದಾರಿ ನನಗೆ ನೆಟ್ಟಗೆ ನೆನಪಿಲ್ಲ. ಜೂರಾಲ ಡ್ಯಾಮಿನ ಮೇಲೆ ಹೋಗುವಾಗ ಎದುರಿಗೆ ಹತ್ತಿಯ ಲಾರಿ ಬಂದು, ಬೈಕ್ ನಿಧಾನ ಮಾಡಬೇಕಾಯಿತು. ಕೆಳಗೆ ಕೃಷ್ಣೆಯ ನೀರು. ಆ ಲಾರಿ ದಾಟುವಷ್ಟರಲ್ಲಿ ಯಾವ ಯಾವ ದೇವರಿಗೆ ಕೈ ಮುಗಿದೆನೋ ಗೊತ್ತಿಲ್ಲ. ಮುಖ ಕಾಣದ ನರಸಮ್ಮ ನನ್ನ ಕಣ್ಣ ಮುಂದೆ ಆ ಬಾಗಿಲ ಚಿಲಕಕ್ಕೆ ಕೈ ಹಾಕುತ್ತಲೇ ಇದ್ದಳು.

ಕೋಟೆಯ ಹಿಂದಿನ ಸಂದಿಯಲ್ಲಿ ಕೇಳುತ್ತ ಹೋದೆವು. ಹಿತ್ತಲ ಕಡೆಗೆ ತಿರುಗಿದ್ದೇ, ನನ್ನ ಲೋಗೊ ಕಂಡಿತು. ಅರ್ಧ ಕಿತ್ತ ಟೇಪಿನ ಜೊತೆ ಜೋತಾಡುತ್ತಿತ್ತು. ಬಾಗಿಲು ತೆರೆದಿತ್ತು.

ಬಾಗಿಲಿಗೆ ಹತ್ತಿದ ಕಟ್ಟೆಯ ಮೇಲೆ ಒಬ್ಬ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು, ಸೆರಗೆಲ್ಲ ವಾಂತಿ. ಓಣಿಯ ಇಬ್ಬರು ಹೆಂಗಸರಲ್ಲಿ ಒಬ್ಬಾಕೆ ಮೊರದಿಂದ ಗಾಳಿ ಹಾಕುತ್ತಿದ್ದಳು. ಇನ್ನೊಬ್ಬಾಕೆಯ ಕೈಯಲ್ಲಿ ಮಜ್ಜಿಗೆ ಚೊಂಬು. ಕಾಳು ಹಸನು ಮಾಡುತ್ತ ಕೂತವಳು ಎದೆ ಹಿಡಿದುಕೊಂಡು ಹೊರಗೆ ಬಂದಳಂತೆ. ಬಿಸಿಲಿಗೆ ಹೀಗಾಗಿದೆ ಅಂದುಕೊಂಡಿದ್ದರು ಇವರು. ನಾವು ಹತ್ತಿರ ಹೋಗುವುದಕ್ಕೂ, "ಲೋಪಲ ಸಲ್ಲಗುಂಟದಿ, ಪಂಡಬೆಡದಾಂ ಪಟ್ಟು" ಅಂತ ಒಬ್ಬಾಕೆ ತೆಲುಗಿನಲ್ಲಿ ಹೇಳುವುದಕ್ಕೂ ಸರಿಹೋಯಿತು. ಒಳಗೆ ತಂಪಾಗಿರುತ್ತೆ, ಮಲಗಿಸೋಣ ಹಿಡಿ ಅಂತ.

"ಬ್ಯಾಡ! ವದ್ದು! ಲೋಪಲಿಕಿ ಪೋವದ್ದು!" ಅಂತ ಕನ್ನಡ ತೆಲುಗು ಎರಡೂ ಕಲಸಿ ಕಿರುಚಿದೆ, ಒಳಗೆ ಹೋಗಬೇಡಿ ಅಂತ. ಅವರು ಬೆದರಿ ಕೈ ಬಿಟ್ಟರು. ನನ್ನ ಗಂಡ ನರಸಮ್ಮನನ್ನು ಎತ್ತಿಕೊಂಡು ಓಣಿಯ ಬಾಯಿಗೆ, ಬಯಲು ಗಾಳಿಗೆ ಓಡಿದರು. ನಾನು ಆ ಇಬ್ಬರನ್ನೂ ದಬ್ಬಿಕೊಂಡು ಹಿಂದೆ ಓಡಿದೆ. ತೆರೆದ ಬಾಗಿಲಿನಿಂದ ಬೆಳ್ಳುಳ್ಳಿ ಕೊಳೆತಂಥ ಒಂದು ವಾಸನೆ ಮೂಗಿಗೆ ಬಡಿಯಿತು.

ಆಟೋದಲ್ಲಿ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ಕಣ್ಣು ಮುಚ್ಚಿದಾಗಲೆಲ್ಲ "ನರಸಮ್ಮಾ, ನರಸಮ್ಮಾ" ಅಂತ ಕೆನ್ನೆ ತಟ್ಟುತ್ತಿದ್ದೆ. ಒಮ್ಮೆ ಕಣ್ಣು ತೆರೆದು, ಪರಿಚಯವಿಲ್ಲದ ನನ್ನನ್ನು ನೋಡಿ, ಆಕೆ ಒಂದೇ ಮಾತು ಹೇಳಿದಳು. "ರೈಟು ಗೊಟ್ಟಿಂಡ್ರು ಗದಮ್ಮಾ. ಅಯಿಪೋಯಿಂದನುಕುನ್ನ." ರೈಟ್ ಹಾಕಿದ್ದರಲ್ಲಮ್ಮ, ಮುಗಿಯಿತು ಅಂದುಕೊಂಡೆ ಅಂತ. ಆ ಗುರುತು ಬರೆದವಳ ತೊಡೆಯ ಮೇಲೆ ತಲೆಯಿಟ್ಟು ಆಕೆ ಹಾಗೆ ಹೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಿಗೆ ಮೊದಲೇ ಗುಳಿಗೆಯ ವಿಷಯ ಹೇಳಿದೆ. ಅವರು ಮತ್ತೊಂದು ಪ್ರಶ್ನೆ ಕೇಳದೆ ಆಕ್ಸಿಜನ್ ಹಚ್ಚಿಸಿದರು. ಎದೆಯ ಪರೀಕ್ಷೆ, ಸಲಾಯಿನ್ ಒಂದರ ಹಿಂದೊಂದು ನಡೆದವು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಾಗಿಲು ತೆರೆದು ನರ್ಸ್ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಸಂಜೆಯ ಹೊತ್ತಿಗೆ ಡಾಕ್ಟರು ಬಂದು, "ಸ್ವಲ್ಪ ಹೊತ್ತೇ ಒಳಗಿದ್ದಾಳೆ, ಬಾಗಿಲೂ ತೆರೆದಿತ್ತು. ಗಂಡಾಂತರ ಕಳೀತು ಅನ್ಸುತ್ತೆ. ಆ ಕೋಣೆಯಲ್ಲೇ ಮಲಗಿಸಿದ್ದರೆ ಇಲ್ಲಿಗೆ ತರೋದು ಬೇಕಾಗ್ತಿರಲಿಲ್ಲ" ಅಂದರು.

ಅಷ್ಟರಲ್ಲಿ ಹೆಂಡತಿಯಿಂದ ಸುದ್ದಿ ತಿಳಿದ ಬಸವರಾಜಣ್ಣ ಓಡುತ್ತ ಬಂದರು. ಮೈಯೆಲ್ಲ ಮಣ್ಣು. ಕೆಂಪು ಚೀಟಿ ಮುಂದಿನ ಬಾಗಿಲಿಗೇ ಮುಗಿದವಂತೆ. ಹಿಂದಿನ ಬಾಗಿಲಿಗೆ ಟೇಪ್ ಗಟ್ಟಿಯಾಗಿ ನಿಲ್ಲಲಿ ಅಂತ ಲೋಗೊ ಅಂಟಿಸಿದರಂತೆ. ಗೋಡೆಗೆ ಹಣೆ ಇಟ್ಟು ನಿಂತ ಅವರನ್ನು ನನ್ನ ಗಂಡ ಭುಜ ಹಿಡಿದು ಕೂರಿಸಿದರು. ನರಸಮ್ಮ ಮನೆಗೆ ಹೋಗುವವರೆಗೂ ಅವರು ಆಸ್ಪತ್ರೆ ಬಿಟ್ಟು ಕದಲಲಿಲ್ಲ. ಸಾವ್ಕಾರರೂ ಮದುವೆಯಿಂದ ನೇರವಾಗಿ ಅಲ್ಲಿಗೇ ಬಂದರು.

ನರಸಮ್ಮನನ್ನು ನೋಡಲು ಆಮೇಲೆ ಅವಳ ಮನೆಗೆ ಹೋದೆ. ಆ ಚಿತ್ರ ಬರೆದವಳು ನಾನೇ ಅಂತ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಕೈ ಹಿಡಿದುಕೊಂಡು, "ಬೊಮ್ಮ ಮಂಚಿಗ ಉಂಡೆ ಗಾನಿ" ಅಂತ ನಕ್ಕಳು. ಚಿತ್ರ ಚೆನ್ನಾಗಿತ್ತು ಬಿಡು ಅಂತ. ಹೊರಗೆ ಬಂದು ಅತ್ತುಬಿಟ್ಟೆ.

ಲೋಗೊ ಬದಲಾಯಿಸಿದೆವು. ಮನೆಯ ಆಕಾರ ಉಳಿಸಿ ರೈಟ್ ಮಾರ್ಕ್ ತೆಗೆದೆ. ಮುಚ್ಚಿದ ಬಾಗಿಲಿಗೆಂದೇ ಬೇರೆ ಗುರುತು ಮಾಡಿದೆ. ಕೆಂಪು ಬಣ್ಣದಲ್ಲಿ ಅಡ್ಡಗಟ್ಟಿದ ಅಂಗೈ, ಅದರ ಹಿಂದೆ ಮೂಗು ಮುಚ್ಚಿಕೊಂಡ ಮುಖ. ಈ ಸಲ ಕಂಪ್ಯೂಟರ್ ಮುಂದೆ ಕೂತು ಸಮಾಧಾನ ಮಾಡಿಕೊಳ್ಳಲಿಲ್ಲ. ಬರೆದ ಹಾಳೆಗಳನ್ನು ಹಿಡಿದು ಮಕ್ತಲ್ ಬಸ್ ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸಿಗೆ ಕಾಯುವವರನ್ನು, ಹಣ್ಣು ಮಾರುವವರನ್ನು ಕೇಳುತ್ತ ಹೋದೆ. "ಇದು ಏನು ಹೇಳಾಕತ್ತೈತಿ?" ಒಬ್ಬ ಅಜ್ಜಿ ಮೊದಲ ಚಿತ್ರ ನೋಡಿ, "ದೇವರು ಆಶೀರ್ವಾದ ಮಾಡಾಕತ್ತಾನ" ಅಂದಳು. ಅದನ್ನು ಹರಿದು ಮತ್ತೆ ಬರೆದೆ. ಎಲ್ಲರ ಬಾಯಲ್ಲೂ "ಬರಬ್ಯಾಡ" ಅಂತ ಬರುವವರೆಗೂ ಬರೆದೆ.

ಮೊನ್ನೆ ಯಾವುದೋ ಕೆಲಸಕ್ಕೆ ಮಕ್ತಲ್‌ಗೆ ಹೋಗಿದ್ದೆ. ಮಾರ್ಕೆಟ್ ಹಿಂದಿನ ಓಣಿಯಲ್ಲಿ ನಡೆಯುತ್ತಿದ್ದಾಗ ತರಕಾರಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹಿಂದಿನಿಂದ ಕೂಗಿದಳು. "ಅಕ್ಕಾ, ಆ ಗ್ವಾಡಿಕಡಿ ಹೋಗಬ್ಯಾಡ್ರಿ! ಅಲ್ಲಿ ಕೈ ತೋರಿಸ್ಯಾರ ನೋಡ್ರಿ, ಏನೋ ಔಷಧ ಇಟ್ಟಾರ. ಈ ಕಡಿಂದ ಬರ್ರಿ."

ತಿರುಗಿ ನೋಡಿದೆ. ಗೋದಾಮಿನ ಬಾಗಿಲ ಮೇಲೆ ನಾನು ಬರೆದ ಕೆಂಪು ಅಂಗೈ. ಅದನ್ನು ಬರೆದವಳು ನಾನು ಅಂತ ಆಕೆಗೆ ಹೇಳಬೇಕು ಅನ್ನಿಸಲಿಲ್ಲ. "ಹೌದೇನವ್ವ, ಭಾಳ ಉಪಕಾರಾತು" ಅಂದು, ಆಕೆ ತೋರಿಸಿದ ಕಡೆಯಿಂದಲೇ ನಡೆದೆ.