ಕಾತ್ರಜದ ಬಸ್ಸು ಮತ್ತು ಕಾಕಿಯ ಮುಖ

ನಮ್ಮ ಕಾಕಾ ತೆಗೆದ ಫೋಟೋಗಳಲ್ಲೆಲ್ಲ ಅತ್ಯಂತ ಕೆಟ್ಟದ್ದು ಅವರ ಹೆಂಡತಿಯದು. ಮದುವೆಯಾದ ಹೊಸದರಲ್ಲಿ ಇಬ್ಬರೂ ಪುಣೆಯಿಂದ ಧಾರವಾಡಕ್ಕೆ ಹೊರಟಾಗ ಕಾತ್ರಜದ ಘಾಟಿನಲ್ಲಿ ಬಸ್ಸು ಕೆಟ್ಟು ನಿಂತಿತಂತೆ. ಬಿಸಿಲೆಲ್ಲ ಬಸ್ಸಿನ ಮೇಲೆ, ಕಾಕಿ ಮರದ ನೆರಳಿನಲ್ಲಿ. ಫೋಟೋದಲ್ಲಿ ಬಸ್ಸಿನ ನಂಬರು ಸಹ ಓದಬಹುದು. ಕಾಕಿಯ ಮುಖ ಇರಬೇಕಾದಲ್ಲಿ ಬರೀ ಕಪ್ಪು.

"ಬಸ್ಸಿನ ಜೋಡಿ ಲಗ್ನ ಆಗಿದ್ರೇನ್ರೀ?" ಎಂದು ಕಾಕಿ ಐವತ್ತು ವರ್ಷ ಕೇಳುತ್ತಲೇ ಬಂದರು. ನೆಗೆಟಿವ್ ಕಳೆದುಹೋಗಿದೆ ಎಂದು ಕಾಕಾ ಐವತ್ತು ವರ್ಷ ತಪ್ಪಿಸಿಕೊಂಡರು.

ಕಾಕಾ ಪುಣೆಯ ಮಾರ್ಕೆಟ್ ಯಾರ್ಡಿನ ಈರುಳ್ಳಿ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತರಾಗಿದ್ದರು. ಭಾನುವಾರ ಮಾತ್ರ ನಮ್ಮ ಬಚ್ಚಲುಮನೆಯೇ ಅವರ ಡಾರ್ಕ್‌ರೂಮ್. ಒಂಬತ್ತರೊಳಗೆ ಸ್ನಾನ ಮುಗಿಸದವರಿಗೆ ಆ ದಿನ ಸ್ನಾನವೇ ಇಲ್ಲ. ಕಿಟಕಿಗೆ ಕಪ್ಪು ಕಾಗದ, ಹಲಗೆಯ ಮೇಲೆ ನೆಗೆಟಿವ್ ಮೂಲಕ ಕಾಗದಕ್ಕೆ ಬೆಳಕು ಬಿಡುವ ಎನ್ಲಾರ್ಜರ್, ಮೂಲೆಯಲ್ಲಿ ಕೆಂಪು ಬಲ್ಬು. ಅಪ್ಪನಿಗಿಂತ ಕಾಕಾನ ಹಿಂದೆಯೇ ಹೆಚ್ಚು ಸುತ್ತುತ್ತಿದ್ದ ನನಗೂ ಒಳಗೆ ಪ್ರವೇಶವಿತ್ತು. ಬೆಳಕು ಹೆಚ್ಚು ಬಿದ್ದಷ್ಟೂ ಕಾಗದ ಕಪ್ಪಾಗುತ್ತದೆ. ಹಾಗಾಗಿ ಮುಖ ಕಪ್ಪಾಗಬಾರದು ಎಂದರೆ ತಂತಿಯ ತುದಿಗೆ ರೂಪಾಯಿಯಗಲದ ರಟ್ಟು ಅಂಟಿಸಿ, ಮುಖದ ಮೇಲೆ ಬೀಳುವ ಬೆಳಕಿಗೆ ಸ್ವಲ್ಪ ಹೊತ್ತು ಅಡ್ಡ ಹಿಡಿಯಬೇಕು.

"ಕೈ ನಿಂದರಬಾರದು ತಂಗಿ," ಎಂದು ಕಾಕಾ ನನಗೆ ಕಲಿಸಿದ್ದರು. "ನಿಂತ್ರ ಸುತ್ತಲೂ ಗೆರಿ ಬೀಳ್ತದ."

ಎರಡು ವರ್ಷದ ಹಿಂದೆ ಅವರ ಬಲಗೈ ನಡುಗಲು ಶುರುವಾಯಿತು. ಅಂದಿನಿಂದ ಆ ಕೈ ಜುಬ್ಬದ ಜೇಬು ಸೇರಿತು. ನಾಲ್ಕು ಮಂದಿಯ ಎದುರು ಚಹಾ ಬೇಡ ಅನ್ನತೊಡಗಿದರು. ಚಹಾ ಎಂದರೆ ಜೀವ ಬಿಡುತ್ತಿದ್ದ ಮನುಷ್ಯ! ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು.

ಈ ವರ್ಷ ಅವರು ಡಾರ್ಕ್‌ರೂಮಿನ ಸಾಮಾನೆಲ್ಲ ರದ್ದಿಯವನಿಗೆ ಹಾಕಲು ಇಳಿಸಿದಾಗ, ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಆ ಕಳೆದುಹೋದ ನೆಗೆಟಿವ್ ಸಿಕ್ಕಿತು. ಕಾಕಿಗೆ ಎಪ್ಪತ್ತೈದು ತುಂಬುವುದಿತ್ತು. ಇದಕ್ಕಿಂತ ಒಳ್ಳೆಯ ಉಡುಗೊರೆ ಏನು ಬೇಕು ಎಂದು ನಾನು ನೆಗೆಟಿವ್ ಹೊತ್ತು ವಿಮಾನ ನಗರದ ನನ್ನ ಫ್ಲ್ಯಾಟಿಗೆ ಓಡಿದೆ. ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಮುಖಕ್ಕಷ್ಟೇ ಬೆಳಕು ಕೊಟ್ಟು, ನನ್ನ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದೆ. ಸುಳ್ಳು ಯಾಕೆ ಹೇಳಲಿ, ಬಲು ಚೆನ್ನಾಗಿ ಬಂದಿತ್ತು. ಗದ್ದದ ಮಚ್ಚೆ ಕೂಡ ಕಾಣುತ್ತಿತ್ತು.

ಕಾಕಾ ನೋಡಿದರು. "ಭಾಳ ಛಲೋ ಬಂದದ. ಇನ್ನ ಆ ಮಷಿನ್ ಯಾತಕ್ಕ? ನಾಳೆನ ರದ್ದಿಯವಗ ಬಾ ಅಂತ ಹೇಳು." ಕೈ ಜೇಬಿನಲ್ಲೇ ಇತ್ತು. ರದ್ದಿಯವನನ್ನು ನಾನೇ ಕರೆತಂದಂತಾಯಿತಲ್ಲ ಎಂದು ನಾಚಿಕೆಯಾಯಿತು.

ಕಾಕಿ ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಛಲೋ ಅದ. ಆದ್ರ ನನ್ನ ಮಾರಿ ಮುಚ್ಚಿದಾವ್ರು ನೀವು. ಕಾಣೂ ಹಂಗ ಮಾಡಾವ್ರೂ ನೀವ ಆಗಬೇಕ್ರಿ."

"ಈ ಕೈ ಇಟಗೊಂಡು?"

"ಹೌದ್ರಿ, ಆ ಕೈ ಇಟಗೊಂಡ."

ಮುಂದಿನ ಭಾನುವಾರ ಮೂವರೂ ಒಂಬತ್ತರೊಳಗೆ ಸ್ನಾನ ಮುಗಿಸಿದೆವು. ಹೊಸ ಕಾಗದ ತರಿಸಿದ್ದೆ. ಫೋಕಸ್ ಮಾಡಿದವಳೂ ಔಷಧಿ ಕಲಸಿದವಳೂ ನಾನೇ. ಕಾಕಾ ತಂತಿ ಹಿಡಿದರು. ಎಡಗೈಯಿಂದ ಬಲ ಮಣಿಕಟ್ಟನ್ನು ಕಳ್ಳನನ್ನು ಹಿಡಿದ ಹಾಗೆ ಬಿಗಿಹಿಡಿದಿದ್ದರು. ತಟ್ಟೆಯ ಔಷಧಿಯಲ್ಲಿ ಚಿತ್ರ ಮೂಡಿತು. ಮುಖವೇನೋ ಕಂಡಿತು, ಆದರೆ ಸುತ್ತಲೂ ಬೆಳ್ಳನೆಯ ಬಳೆ. ಕಾಕಿ ಕ್ಯಾಲೆಂಡರಿನ ದೇವಿಯ ಹಾಗೆ ಕಾಣುತ್ತಿದ್ದರು.

ಕಾಕಾ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತುಬಿಟ್ಟರು. "ಸಾಕು ತಂಗಿ. ನಿನ್ನ ಪ್ರಿಂಟರ್ ಛಲೋ ಅದ. ನನ್ನ ಕಥಿ ಮುಗೀತು."

ನನಗೆ ಎಲ್ಲಿತ್ತೋ ಸಿಟ್ಟು. "ಕಾಕಾ, ಕೈ ನಿಂದರಬಾರದು ಅಂದಾವ್ರು ನೀವ ಅಲ್ಲೇನ್ರಿ? ಮತ್ತ ಅದನ್ನ ಹಿಡದು ಯಾಕ ನಿಲ್ಲಸ್ತೀರಿ? ಬಿಡ್ರಿ ಅದನ್ನ!"

ಕೆಂಪು ಬೆಳಕಿನಲ್ಲಿ ನನ್ನನ್ನೇ ನೋಡಿದರು. ಆಮೇಲೆ ಎದ್ದು, ಹೊಸ ಕಾಗದದ ಮೇಲೆ ಮತ್ತೆ ತಂತಿ ಹಿಡಿದು, ಎಡಗೈಯನ್ನು ನನ್ನ ಕೈಗೆ ಕೊಟ್ಟರು. ನಾನು ಬೆಳಕು ಬಿಟ್ಟು ಸೆಕೆಂಡು ಎಣಿಸತೊಡಗಿದೆ. ಬಲಗೈ ತನ್ನಷ್ಟಕ್ಕೆ ನಡುಗಿತು. ರಟ್ಟು ಕಾಕಿಯ ಮುಖದ ಮೇಲೆ ಒಂದು ಕ್ಷಣವೂ ನಿಲ್ಲಲಿಲ್ಲ.

ತಟ್ಟೆಯಲ್ಲಿ ಮೊದಲು ಮರ, ಆಮೇಲೆ ಬಸ್ಸು, ಕೊನೆಗೆ ಕಾಕಿ. ಮುಖ ಸ್ಪಷ್ಟ, ಸುತ್ತ ಒಂದು ಗೆರೆಯಿಲ್ಲ. ಕಾಕಾ ನನ್ನ ಕೈಯನ್ನು ಒಮ್ಮೆ ಬಿಗಿಯಾಗಿ ಒತ್ತಿದರು. ನನಗೆ ಅಳು ಬಂತು, ಔಷಧಿಯ ಘಾಟು ಎಂದು ಸುಳ್ಳು ಹೇಳಿದೆ.

ಹುಟ್ಟುಹಬ್ಬದ ದಿನ ಬಂದವರಿಗೆಲ್ಲ ಒಂದೊಂದು ಪ್ರತಿ ಕೊಟ್ಟದ್ದು ನನ್ನ ಇಂಕ್‌ಜೆಟ್ಟೇ. ಅದರ ಮರ್ಯಾದೆಯೂ ಉಳಿಯಿತು. ಆದರೆ ಗೋಡೆಯ ಮೇಲಿದ್ದದ್ದು ಕಾಕಾನದು. ನೆರೆಮನೆಯ ಮರಾಠಿ ಅಜ್ಜ ಅದರ ಹತ್ತಿರ ಬಗ್ಗಿ ನೋಡಿ, ಮುಖಕ್ಕಷ್ಟೇ ಹೇಗೆ ಬೆಳಕು ತಂದಿರಿ ಎಂದು ಕೇಳಿದರು.

ಕಾಕಾ ಬಲಗೈಯನ್ನು ಜೇಬಿನಿಂದ ಹೊರತೆಗೆದು ಫೋಟೋದ ಮುಂದೆ ಹಿಡಿದರು. ಅದು ನಡುಗುತ್ತಲೇ ಇತ್ತು. "ಅಸಂ," ಎಂದರು ಮರಾಠಿಯಲ್ಲಿ, ಹೀಗೆ ಎಂದು.

ಕಾಕಿ ಅಡುಗೆಮನೆಯಿಂದ ಅರ್ಧ ಕಪ್ ಚಹಾ ತಂದು ಆ ಕೈಗೇ ಕೊಟ್ಟರು. ಕಾಕಾ ಎಲ್ಲರ ಎದುರೇ ಕುಡಿದರು.